ಚೀಟಿಯಲ್ಲಿ ಬಿಟ್ಟ ಸಾಲು

ಐವತ್ತರ ದಶಕದ ಕೊನೆಯಲ್ಲಿ, ಬಿ.ಎ. ಮುಗಿಸಿ ಬೇರೆ ಕೆಲಸ ಸಿಗದೆ, ಶಿಕಾರಿಪುರದ ಒಂದು ಪುಸ್ತಕದಂಗಡಿಯಲ್ಲಿ ಎರಡು ವರ್ಷ ಇದ್ದೆ. ಅಲ್ಲಿ ಹೆಚ್ಚು ಹೋಗುತ್ತಿದ್ದದ್ದು ಪಠ್ಯಪುಸ್ತಕ, ಸ್ಲೇಟು, ಬಳಪ. ಉಳಿದ ಪುಸ್ತಕಗಳಿಗೆ ಎರಡು ಕಪಾಟು.

ಯುಗಾದಿಗೆ ಹದಿನೈದು ದಿನ ಮೊದಲು ಹೊಸ ಪಂಚಾಂಗದ ಕಟ್ಟುಗಳು ಬರುತ್ತಿದ್ದವು. ಹಳ್ಳಿಯವರು ನಮ್ಮ ಅಂಗಡಿ ಹತ್ತುತ್ತಿದ್ದದ್ದು ಆಗ. ಆ ದಿನಗಳಿಗಾಗಿ ಯಜಮಾನರು ಒಂದು ಪದ್ಧತಿ ಇಟ್ಟಿದ್ದರು. ಅವರು, ಬೈಂಡಿಂಗ್ ಮಾಡುವ ಹಿರಿಯರು, ನಾನು, ಮೂವರೂ ಆ ವರ್ಷ ಓದಿದ್ದರಲ್ಲಿ ತೀರ ಮೆಚ್ಚಿದ ಒಂದೊಂದು ಪುಸ್ತಕ ಆರಿಸಬೇಕು. ಕಥೆ, ಕಾದಂಬರಿ, ಪುರಾಣ ಕೂಡದು.

"ಕಥೆ ತಾನೇ ನಡ್ಕೊಂಡು ಹೋಗ್ತತಿ. ನಿಜಕ್ಕೆ ಯಾರಾರ ಶಿಫಾರಸು ಮಾಡ್ಬೇಕು ನೋಡ್ರಿ" ಎನ್ನುತ್ತಿದ್ದರು ಯಜಮಾನರು.

ಪುಸ್ತಕದ ಸಾರವನ್ನು ಅಂಗೈಯಗಲದ ಚೀಟಿಯಲ್ಲಿ ಮೂರೇ ಸಾಲಿನಲ್ಲಿ ಬರೆದು, ಮಾರುವ ಪ್ರತಿ ಪಂಚಾಂಗದೊಳಗೆ ಇಟ್ಟು ಕೊಡುವುದು. ಚೀಟಿ ಓದಿದವರು ಪುಸ್ತಕಕ್ಕೆ ಬರುತ್ತಾರೆಂದು ಅವರ ಎಣಿಕೆ. ಬಂದವರು ಕಡಿಮೆ. ಚೀಟಿ ಮಾತ್ರ ಪಂಚಾಂಗದ ಜೊತೆ ವರ್ಷವಿಡೀ ಮನೆಯ ಗೂಡಿನಲ್ಲಿ ಉಳಿಯುತ್ತಿತ್ತು. ಪಂಚಾಂಗದೊಳಗೆ ಸೇರಿದ್ದನ್ನು ಜನ ಪಂಚಾಂಗದಷ್ಟೇ ನಂಬುತ್ತಾರೆ ಎಂಬುದು ನಮಗೆ ಯಾರಿಗೂ ಹೊಳೆದಿರಲಿಲ್ಲ.

ನನ್ನ ಮೊದಲ ವರ್ಷ ಯಜಮಾನರು ಒಂದು ಯಾತ್ರೆಯ ಪುಸ್ತಕ ಆರಿಸಿದರು, ಹಿರಿಯರು ದನಗಳ ರೋಗದ್ದು. ನಾನು ಹಾವುಗಳ ಬಗ್ಗೆ ಒಂದು ತೆಳು ಪುಸ್ತಕ ಆರಿಸಿದೆ.

"ಹಾವಿಂದು ಯಾರ್ ತಗಂತಾರ್ರಿ, ಬಿ.ಎ. ಸಾಹೇಬ್ರ? ಕಪಾಟಿನಾಗ ಹುತ್ತ ಕಟ್ತತಿ ಅಷ್ಟೆ" ಎಂದರು ಹಿರಿಯರು.

ನಮ್ಮ ಸೀಮೆಯ ಹೆಚ್ಚಿನ ಹಾವುಗಳಿಗೆ ವಿಷವಿಲ್ಲ, ಕಚ್ಚಿದರೆ ಗಾಬರಿ ಬೇಡ, ಹೆದರಿಕೆಯೇ ಅರ್ಧ ವಿಷ, ಎಂದು ಬರೆದೆ. ಮೂರನೆಯ ಸಾಲು ಪುಸ್ತಕದ್ದಲ್ಲ, ನನ್ನದು. ಅದರ ಬಗ್ಗೆ ನನಗೆ ಹೆಮ್ಮೆಯಿತ್ತು. ಪುಸ್ತಕದ ಅದೇ ಪುಟದಲ್ಲಿ ಇನ್ನೊಂದು ಮಾತೂ ಇತ್ತು: ನೋವಿಲ್ಲ, ಊತವಿಲ್ಲ ಎಂದು ಸುಮ್ಮನಿರಬಾರದು, ಕಣ್ಣಿನ ರೆಪ್ಪೆ ಜೋತುಬಿದ್ದರೆ ಗಳಿಗೆಯೂ ಕಾಯಬಾರದು. ನಾಲ್ಕನೆಯ ಸಾಲಿಗೆ ಚೀಟಿಯಲ್ಲಿ ಜಾಗವಿರಲಿಲ್ಲ.

ಬೇಸಿಗೆ ಮುಗಿಯುತ್ತಿದ್ದಾಗ ಶಾಲೆಗಳ ಪುಸ್ತಕದ ಕಟ್ಟು ಮುಟ್ಟಿಸಲು ಸೊರಬಕ್ಕೆ ಹೋಗಿದ್ದೆ. ಮಧ್ಯಾಹ್ನ ಬಸ್ ಸ್ಟ್ಯಾಂಡಿನಲ್ಲಿ ಒಬ್ಬರು ನನ್ನ ಗುರುತು ಹಿಡಿದರು. ಉಳವಿಯ ಕಡೆಯ ರೈತರು, ಯುಗಾದಿಗೆ ನಮ್ಮಲ್ಲಿ ಪಂಚಾಂಗ ಕೊಂಡವರು. ಪಕ್ಕದ ಕಲ್ಲುಬೆಂಚಿನ ಮೇಲೆ ಅವರ ಅಕ್ಕ ಸೀರೆಯ ಪೊಟ್ಟಣ ಹಿಡಿದು ಕೂತಿದ್ದರು.

"ಓ, ಪುಸ್ತಕದಂಗ್ಡಿಯೋರು! ನಿಮ್ ಚೀಟಿ ಇವತ್ತು ಉಪ್ಕಾರಕ್ಕೆ ಬಂತು ಮಾರಾಯ್ರೆ."

"ಎಂತ ಚೀಟಿ?"

"ಹಾವಿಂದು. ಬೆಳಿಗ್ಗೆ ಅಕ್ಕ ಸೌದೆ ಎಳೆಯೋವಾಗ ಕೈಗೆ ಕಚ್ತು. ಬಾಲ ಅಷ್ಟೇ ಕಂಡಿದ್ದು. ಮೊದ್ಲಾಗಿದ್ರೆ ಮನೆಮಂದಿಯೆಲ್ಲ ಕೂಗಾಡಿ ಡಾಕ್ಟ್ರ ಹತ್ರ ಓಡ್ತಿದ್ವು. ನಾ ಪಂಚಾಂಗ ತೆಗ್ದು ಓದ್ದೆ. ಊತಾನೂ ಇಲ್ಲ, ನೋವೂ ಇಲ್ಲ. ಸೀರೆ ತಗಳಕೆ ಅಕ್ಕನೇ ಹೊರಟ್ಳು."

"ನಿದ್ದೆ ಬರ್ತದೆ, ಅಷ್ಟೆ" ಎಂದರು ಆಕೆ. ಮಾತು ತೊದಲುತ್ತಿತ್ತು.

"ಒಂದು ಸೀರೆಗೆ ಎರಡು ತಾಸು ಮಾಡಿದ್ರೆ ನಿದ್ದೆ ಬರ್ದೆ ಎಂತ ಮಾಡ್ತದೆ!" ತಮ್ಮ ನಕ್ಕರು.

ಅಕ್ಕ ನನ್ನನ್ನು ನೋಡಲು ತಲೆಯನ್ನು ಹಿಂದಕ್ಕೆ ವಾಲಿಸಿದರು. ರೆಪ್ಪೆ ಏಳುತ್ತಿರಲಿಲ್ಲ, ಅದಕ್ಕೆ ತಲೆ ಎತ್ತಬೇಕಾಗಿತ್ತು. ಆ ಒಂದು ಚಲನೆ ಈಗಲೂ ಕಣ್ಣ ಮುಂದೆ ಬರುತ್ತದೆ, ಹಗಲಿನಲ್ಲೇ, ಏನೋ ಮಾಡುತ್ತಿರುವಾಗ. ಪುಸ್ತಕದ ಆ ಪುಟದ ಯಾವ ಭಾಗದಲ್ಲಿ ಆ ಮಾತಿತ್ತು ಎಂಬುದೂ ಬರುತ್ತದೆ: ಎಡಪುಟ, ಕೆಳಗೆ.

"ಅದು ನಿದ್ದೆಯಲ್ಲ ರೀ, ವಿಷ. ಏಳಿ" ಎಂದೆ.

"ನೀವೇ ಅಲ್ವನ್ರಿ ಹೆದರ್ಬೇಡಿ ಅಂತ ಬರ್ದಿದ್ದು?" ಎಂದರು ತಮ್ಮ.

ಜಗಳವಾಡಲು ಸಮಯವಿರಲಿಲ್ಲ. ಅಡಿಕೆ ಮೂಟೆ ಇಳಿಸುತ್ತಿದ್ದ ಒಂದು ಕೈಗಾಡಿ ಸಿಕ್ಕಿತು. ಅದರಲ್ಲಿ ಮಲಗಿಸಿ ಇಬ್ಬರೂ ತಳ್ಳಿಕೊಂಡು ಆಸ್ಪತ್ರೆಗೆ ಓಡಿದೆವು. ಸೀರೆಯ ಪೊಟ್ಟಣ ಬೆಂಚಿನ ಮೇಲೇ ಉಳಿಯಿತು. ಡಾಕ್ಟರು ರೆಪ್ಪೆ ಎತ್ತಿ ನೋಡಿ ಏನೂ ಕೇಳದೆ ಇಂಜೆಕ್ಷನ್ ಕೊಟ್ಟರು. ನಾಲಗೆ ಹಿಂದಕ್ಕೆ ಬಿದ್ದು ಉಸಿರು ಕಟ್ಟದಂತೆ ಗದ್ದವನ್ನು ಮೇಲಕ್ಕೆ ಹಿಡಿದಿರಲು ನನಗೆ ಹೇಳಿದರು. ಹಿಡಿದೆ. ಸಂಜೆಯವರೆಗೂ ಹಿಡಿದೆ. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ಅಂತರ ಬೆಳೆದಾಗಲೆಲ್ಲ, ಚೀಟಿಯ ಅಕ್ಷರವನ್ನು ಸ್ವಲ್ಪ ಚಿಕ್ಕದು ಮಾಡಿದ್ದರೆ ಇನ್ನೊಂದು ಸಾಲು ಹಿಡಿಯುತ್ತಿತ್ತು ಎಂದು ಯೋಚಿಸುತ್ತಿದ್ದೆ. ತಮ್ಮ ಬಾಗಿಲ ಬಳಿ ನಿಂತಿದ್ದರು. ನನ್ನನ್ನು ಬೈಯಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಆಕೆಯ ಗದ್ದ ನನ್ನ ಅಂಗೈಯಲ್ಲಿ ತಾನಾಗಿ ಅಲುಗಿತು.

ಬದುಕಿದರು. ಮುಂದಿನ ಯುಗಾದಿಗೆ ತಮ್ಮನ ಜೊತೆ ಶಿಕಾರಿಪುರಕ್ಕೆ ಬಂದು, ಅಂಗಡಿಯ ಮೆಟ್ಟಿಲ ಮೇಲೆ ಕೂತು, ಆ ಪುಸ್ತಕ ತೆಗೆಸಿದರು. ಅವರಿಗೆ ಓದು ಬರುತ್ತಿರಲಿಲ್ಲ. ನಾನು ಆ ಪುಟವನ್ನು ಪೂರ್ತಿ ಓದಿದೆ.

"ಇಷ್ಟೆಲ್ಲ ಇತ್ತಾ? ಮತ್ತೆ ಯಾಕೆ ಬರೀಲಿಲ್ಲ?"

"ಮೂರೇ ಸಾಲು ಅಂತ ನೇಮ ಇತ್ತಮ್ಮ."

ಅವರ ದನಿಯಲ್ಲಿ ಕೋಪವಿರಲಿಲ್ಲ. "ಹಂಗಾರೆ ಆ ಕೊನೇ ಸಾಲು ಬಿಡಬೌದಿತ್ತಲ. ಅರ್ಧ ವಿಷ ಅಂತಿದ್ಯಲ, ಅದು. ಅದ್ರಿಂದ ಯಾರಿಗೆ ಎಂತ ಉಪ್ಯೋಗ?"

ಆ ವರ್ಷವೂ ನಾನು ಅದೇ ಪುಸ್ತಕ ಆರಿಸಿದೆ. ಒಂದೇ ಪುಸ್ತಕಕ್ಕೆ ಎರಡು ವರ್ಷ ಶಿಫಾರಸು ಎಲ್ಲಾದರೂ ಉಂಟೇ ಎಂದು ಯಜಮಾನರು ಗೊಣಗಿದರು, ಆದರೆ ತಡೆಯಲಿಲ್ಲ. ಮೊದಲ ಸಾಲಿನಲ್ಲೇ ರೆಪ್ಪೆಯ ವಿಷಯ ಬರೆದೆ. ಎರಡನೆಯದು, ನೋವಿಲ್ಲದಿದ್ದರೂ ಡಾಕ್ಟರ ಹತ್ತಿರ ಹೋಗಬೇಕೆಂದು.

ಹಿರಿಯರು ಚೀಟಿ ಓದಿ, "ಪುಸ್ತಕದ ಬಗ್ಗೆ ಒಂದು ಒಳ್ಳೆ ಮಾತೇ ಇಲ್ಲಲ್ರಿ. ಇನ್ನೊಂದು ಸಾಲು ಖಾಲಿ ಐತಿ" ಎಂದರು.

ಖಾಲಿಯೇ ಇರಲಿ ಎಂದು ಹೇಳಿ, ಪಂಚಾಂಗಗಳ ಒಳಗೆ ಇಡತೊಡಗಿದೆ.