ಕಿವಿರಾಯ ಹಚ್ಚಿದ ಕೆಂಪು ಚೀಟಿ

ಕಿವಿರಾಯ ತಲೆ ವಾಲಿಸಿದನೆಂದರೆ ಗಾಳಿ ಕೂಡ ತುದಿಗಾಲಲ್ಲಿ ಒಳಗೆ ಬರುತ್ತದೆ ಎಂದು ಕಾರ್ಖಾನೆಯಲ್ಲಿ ಹೇಳುತ್ತಿದ್ದರು. ಹೇಳುವವರು ಅಷ್ಟಕ್ಕೇ ನಿಲ್ಲುತ್ತಿರಲಿಲ್ಲ. ಒಮ್ಮೆ ಅವನು ಒಂದು ಪೆಟ್ಟಿಗೆಯ ಮೇಲೆ ಕೆನ್ನೆಯಿಟ್ಟು, ಕಣ್ಣು ಮುಚ್ಚಿ, ನಾಲಿಗೆಯ ತುದಿಯನ್ನು ಬಾಯಿಯ ಮೂಲೆಯಲ್ಲಿ ಹೊರಚಾಚಿ, "ಇದನ್ನ ಜೋಡಿಸಿದವನಿಗೆ ನೆಗಡಿ" ಎಂದನಂತೆ. ಓಡಿಹೋಗಿ ನೋಡಿದರೆ ಜೋಡಿಸಿದವನು ಮೂಗು ಒರೆಸಿಕೊಳ್ಳುತ್ತಿದ್ದನಂತೆ. ಇನ್ನೊಮ್ಮೆ ಬಾಗಿಲು ಮುಚ್ಚಿದ ಲಾರಿಯ ಪಕ್ಕೆಗೆ ಕೆನ್ನೆಯೊತ್ತಿ, "ಒಳಗಿಂದ ಮೂರನೇ ಸಾಲು, ತಳದಲ್ಲಿರೋದು" ಎಂದನಂತೆ. ಇಳಿಸಿ ಬಿಚ್ಚಿದರೆ ಅದರದೊಂದು ಸ್ಕ್ರೂ ಸಡಿಲ. ಲಾರಿಯೊಳಗಿನ ಪೆಟ್ಟಿಗೆಗಳಿಗೆ ಕರೆಂಟೇ ಇರಲಿಲ್ಲವಲ್ಲ, ಸದ್ದು ಎಲ್ಲಿಂದ ಬಂತು ಎಂದು ಕೇಳಿದ ಹೊಸಬನೊಬ್ಬನನ್ನು ಊಟದ ಕೋಣೆಯಲ್ಲಿ ಒಂದು ವಾರ ಯಾರೂ ಪಕ್ಕದಲ್ಲಿ ಕೂರಿಸಿಕೊಳ್ಳಲಿಲ್ಲ.

ಪೆಟ್ಟಿಗೆಯೆಂದರೆ ಟಿವಿಗೆ ಸಿಕ್ಕಿಸಿಕೊಂಡು ಆಟವಾಡುವ ವಿಡಿಯೋ ಗೇಮಿನ ಪೆಟ್ಟಿಗೆ. ಪರದೆಯ ಮೇಲೆ ಲಕ್ಷ ಸೈನಿಕರನ್ನು ಕುಣಿಸುವಾಗ ಅದಕ್ಕೆ ಮೈಬಿಸಿಯಾಗುತ್ತದೆ. ಬಿಸಿ ಇಳಿಸಲು ಒಳಗೊಂದು ಪುಟ್ಟ ಫ್ಯಾನು. ಆ ಫ್ಯಾನು ನೆಟ್ಟಗೆ ತಿರುಗುತ್ತಿದೆಯೇ ಎಂದು ಆಲಿಸುವುದು ಕಿವಿರಾಯನ ಉದ್ಯೋಗ. ಕಾರ್ಖಾನೆಯ ಹಿಂಭಾಗದಲ್ಲಿ, ಗೋಡೆಗಳಿಗೆಲ್ಲ ದಪ್ಪ ಸ್ಪಂಜು ಅಂಟಿಸಿದ ಕಿಟಕಿಯಿಲ್ಲದ ಕೋಣೆ. ಒಂದು ಮೇಜು, ಒಂದು ಸ್ಟೂಲು, ಎರಡು ಸುರುಳಿ ಚೀಟಿ. ಪೆಟ್ಟಿಗೆಗೆ ಹನ್ನೆರಡು ಸೆಕೆಂಡು. ಹದವಾಗಿ ಗುನುಗಿದರೆ ಹಸಿರು ಚೀಟಿ. ಕೆರೆದರೆ, ಕೆಮ್ಮಿದರೆ ಕೆಂಪು. ಏನೂ ಸದ್ದಿಲ್ಲದಿದ್ದರೆ ಯೋಚನೆಯೇ ಬೇಡ, ಫ್ಯಾನು ಸತ್ತಿದೆ. ಅಂಥ ಪೆಟ್ಟಿಗೆ ಅರ್ಧ ಗಂಟೆಯಲ್ಲಿ ಸುಟ್ಟುಹೋಗುತ್ತದೆ. ಹೆಣಕ್ಕೂ ಕೆಂಪು ಚೀಟಿಯೇ. ದಿನಕ್ಕೆ ಮುನ್ನೂರು ಪೆಟ್ಟಿಗೆಯಂತೆ ಇಪ್ಪತ್ತೆರಡು ವರ್ಷ ಅವನು ಇದನ್ನೇ ಮಾಡಿದ್ದ.

ಕಂಪನಿಯ ಏಳಿಗೆಯನ್ನು ಬೇರೆ ಯಾವ ಕೋಲಿನಿಂದಲೂ ಅಳೆಯಬೇಕಿರಲಿಲ್ಲ. ಸದ್ದಿನಿಂದ ಅಳೆದರೆ ಸಾಕಿತ್ತು. ಮೊದಲ ಮಾದರಿ ಟ್ರಂಕಿನಷ್ಟು ದೊಡ್ಡದು. ಅದರ ಫ್ಯಾನು ದಿಣ್ಣೆ ಹತ್ತುವ ಬಸ್ಸಿನಂತೆ ಮೊರೆಯುತ್ತಿತ್ತು. ಆಡುವವರು ಟಿವಿಯ ಸದ್ದು ಏರಿಸುತ್ತಿದ್ದರು, ಪಕ್ಕದ ಮನೆಯವರು ದನಿ ಏರಿಸುತ್ತಿದ್ದರು. ಆಗ ಆಲಿಸುವ ಕೋಣೆಯಲ್ಲಿ ಹನ್ನೆರಡು ಜನ. ಎರಡನೆಯ ಮಾದರಿ ಹೊಲಿಗೆ ಯಂತ್ರದಷ್ಟೇ ಸದ್ದು ಮಾಡಿತು. ಮಾರಾಟ ದುಪ್ಪಟ್ಟಾಯಿತು, ಫ್ಯಾನು ಕೆಡುವುದು ಕಡಿಮೆಯಾದ್ದರಿಂದ ಎಲ್ಲ ಪೆಟ್ಟಿಗೆಗೂ ಕಿವಿಕೊಡಬೇಕಿರಲಿಲ್ಲ, ಹನ್ನೆರಡು ಜನ ಐವರಾದರು. ಮೂರನೆಯದು ಮಲಗಿದ ಬೆಕ್ಕಿನಂತೆ ಗೊರಗೊರ ಎಂದಿತು. ಮಾರಾಟ ಮತ್ತೆ ದುಪ್ಪಟ್ಟಾಯಿತು, ಐವರು ಒಬ್ಬನಾದರು. ಕಂಪನಿ ಮೆಟ್ಟಿಲು ಹತ್ತಿದಷ್ಟೂ ಕೋಣೆಯ ಸ್ಟೂಲುಗಳು ಕೆಳಗಿಳಿದವು. ಉಳಿದ ಒಬ್ಬನೇ ಕಿವಿರಾಯ. ನಿವೃತ್ತಿಗೆ ಇನ್ನು ಮೂರು ವರ್ಷ.

ಇಷ್ಟು ಘನವಾದ ಕಿವಿಗಳ ಬಗ್ಗೆ ಗೊತ್ತಿರಬೇಕಾದ ಇನ್ನೊಂದು ಸಣ್ಣ ಸಂಗತಿಯಿದೆ. ಅವಕ್ಕೆ ಕೇಳಿಸುತ್ತಿರಲಿಲ್ಲ.

ಸಾವಿರಾರು ಬಸ್ಸುಗಳಿಗೆ ಕಿವಿಕೊಟ್ಟರೆ ಕಿವಿ ಎಷ್ಟು ದಿನ ಉಳಿದೀತು? ಮೊದಲು ಗುಬ್ಬಿ ಹೋಯಿತು, ಆಮೇಲೆ ಬಾಗಿಲ ಗಂಟೆ, ಆಮೇಲೆ ಹೆಂಡತಿಯ ನಿಟ್ಟುಸಿರು, ಕೊನೆಗೆ ಅವಳ ಗದರಿಕೆ. ಗದರಿಕೆ ಹೋದ ಮೊದಲ ತಿಂಗಳು ಅವನು ಬಹಳ ಸುಖವಾಗಿದ್ದನೆಂದು ಹೇಳುವವರಿದ್ದಾರೆ. ಹೇಳುವವರು ಆ ಹೆಂಡತಿಯೇ. ಜಗತ್ತಿನಲ್ಲಿ ಈ ವಿಷಯ ಗೊತ್ತಿದ್ದವಳು ಅವಳೊಬ್ಬಳು. ಕಿಟಕಿ ಪರದೆ ಹೊಲಿದು ಕೊಡುವ ಆಕೆ ಗಂಡನನ್ನು ಕರೆಯಬೇಕಾದರೆ ಮೇಜಿನ ಮೇಲೆ ಕತ್ತರಿ ಕುಟ್ಟುತ್ತಿದ್ದಳು. ಅವನ ಮೊಣಕೈಗೆ ತಿಳಿಯುತ್ತಿತ್ತು.

ಕೆನ್ನೆಯ ವಿದ್ಯೆ ಹುಟ್ಟಿದ್ದೂ ಹಾಗೆಯೇ. ಒಂದು ಮಧ್ಯಾಹ್ನ, ಏನೂ ಕೇಳಿಸದೆ, ಕಥೆ ಮುಗಿಯಿತೆಂದು ಪೆಟ್ಟಿಗೆಯ ಮೇಲೆ ತಲೆಯಿಟ್ಟು ಕುಳಿತಿದ್ದ. ಕೆನ್ನೆಯ ಮೂಳೆಯಲ್ಲಿ ಫ್ಯಾನು ಗುನುಗಿತು. ಕಿವಿಗೆ ಎಂದೂ ಸಿಗದಿದ್ದ ಸಣ್ಣ ನಡುಕವೂ ಅಲ್ಲಿ ಸಿಕ್ಕಿತು. ಅಂದಿನಿಂದ ಅವನ ಕೈಯಿಂದ ದಾಟಿದ ಒಂದು ಪೆಟ್ಟಿಗೆಯೂ ಅಂಗಡಿಯಿಂದ ವಾಪಸು ಬರಲಿಲ್ಲ. ಕಿವಿ ಹೋದ ಮೇಲೆ ಕಿವಿಗೆ ಕೀರ್ತಿ ಬಂತು. ಮನುಷ್ಯರ ಮಾತನ್ನು ಮಾತ್ರ ತುಟಿ ನೋಡಿ ಹಿಡಿಯುತ್ತಿದ್ದ. ಹಿಡಿಯಲಾಗದಿದ್ದರೆ ನಿಧಾನವಾಗಿ ತಲೆಯಾಡಿಸುತ್ತಿದ್ದ. ಜನ ಅದನ್ನು ಗಾಂಭೀರ್ಯವೆಂದುಕೊಂಡರು.

"ಹೇಳ್ಬಿಡಿ ಅವ್ರಿಗೆ. ಬೇರೆ ಕೆಲ್ಸ ಕೊಡ್ತಾರೆ" ಎಂದು ಹೆಂಡತಿ ಅವನ ಗಲ್ಲ ಹಿಡಿದು ಮುಖ ತನ್ನ ಕಡೆ ತಿರುಗಿಸಿಕೊಂಡು ಹೇಳುತ್ತಿದ್ದಳು.

"ಏನಂತ ಹೇಳ್ಲಿ? ಕೇಳೋ ಕೆಲ್ಸಕ್ಕೆ ಕಿವುಡನ್ನ ಇಟ್ಕೊಂಡಿದ್ದೀರಿ ಅಂತಲಾ?"

"ಕೆನ್ನೆ ಇದೆ ಅನ್ನಿ."

"ಕೆನ್ನೆಗೆ ಸಂಬಳ ಕೊಡೋ ಕಂಪನಿ ಇನ್ನೂ ಹುಟ್ಟಿಲ್ಲ ಕಣೇ. ಕೆನ್ನೆಗೆ ಕೊಡೋದೇನಿದ್ರೂ ಬೇರೆ. ಮೂರು ವರ್ಷ ಹೀಗೇ ತಳ್ಳಿಬಿಡ್ತೀನಿ, ಬಾಯ್ಮುಚ್ಕೊಂಡಿರು."

"ನಾನು ಬಾಯಿ ತೆಗೆದ್ರೂ ನಿಮಗೇನು ನಷ್ಟ?" ಎಂದು ಅವಳು ಮತ್ತೆ ಪರದೆ ಹೊಲಿಯಲು ಕುಳಿತಳು. ಬೆನ್ನು ತಿರುಗಿಸಿ ಹೇಳಿದ್ದರಿಂದ ಆ ಮಾತು ಅವನಿಗೆ ತಲುಪಲಿಲ್ಲ.

ನಾಲ್ಕನೆಯ ಮಾದರಿ ಬಂದದ್ದು ಈ ಹೊತ್ತಿನಲ್ಲಿ. ಅದನ್ನು ಬೇರೆ ಕಟ್ಟಡದಲ್ಲಿ, ಯಾರಿಗೂ ಕಾಣದಂತೆ ಬಾಗಿಲಿಗೆ ಕಾಗದ ಅಂಟಿಸಿಕೊಂಡು ತಯಾರಿಸಿದ್ದರು. ಬಿಡುಗಡೆಯ ಹಿಂದಿನ ದಿನ ಮ್ಯಾನೇಜರು ಕಿವಿರಾಯನನ್ನು ಕೋಣೆಗೆ ಕರೆಸಿದರು. ಮ್ಯಾನೇಜರು ಒಳ್ಳೆಯವರು, ಅವರಲ್ಲಿ ದೋಷವೆಂದರೆ ಮೀಸೆ. ಅದು ಮೇಲ್ತುಟಿಯನ್ನು ನುಂಗಿ, ಕೆಳತುಟಿಯ ಮೇಲೂ ಹಕ್ಕು ಚಲಾಯಿಸುತ್ತಿತ್ತು. ಆ ಪೊದೆಯ ಹಿಂದಿನಿಂದ ಅವರು ಹೇಳಿದ್ದು ಇದು: "ನೋಡಯ್ಯಾ, ಹೊಸ ಮಾದರಿಗೆ ಫ್ಯಾನೇ ಇಲ್ಲ. ಲೋಹದ ಮೈಯೇ ಬಿಸಿ ಕುಡಿದುಬಿಡುತ್ತೆ. ನಾಳೆ ವೇದಿಕೆ ಮೇಲೆ ನೀನು ಕೆನ್ನೆಯಿಟ್ಟು ಆಲಿಸು, 'ಏನೂ ಕೇಳಿಸ್ತಿಲ್ಲ' ಅನ್ನು, ಹಸಿರು ಚೀಟಿ ಹಚ್ಚು. ಜನ ಬೆರಗಾಗಬೇಕು. ತಿಳೀತಾ?"

ಕಿವಿರಾಯನಿಗೆ ಕಂಡದ್ದು ಮೀಸೆ ಮೇಲೆ ಕೆಳಗೆ ಕುಣಿದದ್ದು. ನಾಳೆ ಏನೋ ಇದೆಯೆಂಬುದು ಮೇಜಿನ ಮೇಲಿದ್ದ ಆಹ್ವಾನ ಪತ್ರಿಕೆಯಿಂದ ತಿಳಿಯಿತು. ಮ್ಯಾನೇಜರು ತಮ್ಮ ಕೆನ್ನೆ ಮುಟ್ಟಿಕೊಂಡು ತೋರಿಸಿದ್ದರಿಂದ ತಾನು ಪೆಟ್ಟಿಗೆ ಪರೀಕ್ಷಿಸಬೇಕೆಂಬುದೂ ತಿಳಿಯಿತು. ಮತ್ತೊಮ್ಮೆ ಹೇಳಿ ಎನ್ನಬಹುದಿತ್ತು. ಆದರೆ ಕಿವಿಗೇ ಹೆಸರಾದವನು ಎರಡು ಮೊಳ ದೂರದ ಮಾತನ್ನು ಮತ್ತೊಮ್ಮೆ ಕೇಳುವುದುಂಟೇ? ಮೂರು ಸಲ ಗಂಭೀರವಾಗಿ ತಲೆಯಾಡಿಸಿ ಹೊರಬಂದ.

ಮರುದಿನ ಬೆಳಿಗ್ಗೆ ಸಭಾಂಗಣದಲ್ಲಿ ಮುಂದೆ ಅಂಗಡಿಯವರು, ನಡುವೆ ಪತ್ರಿಕೆಯವರು, ಹಿಂದೆ ಕೆಲಸಗಾರರು. ಮ್ಯಾನೇಜರು ಪರದೆಯ ಮೇಲೆ ಏರುವ ಗೆರೆಗಳನ್ನು ತೋರಿಸಿದರು. ಹೋದ ವರ್ಷ ಹೀಗಿತ್ತು, ಈ ವರ್ಷ ಹೀಗಿದೆ, ಬರುವ ವರ್ಷ ಗೆರೆ ಪರದೆಯನ್ನೇ ದಾಟಿ ಹೋಗುತ್ತದೆ ಎಂದರು. ಫ್ಯಾನಿಲ್ಲದ ಪೆಟ್ಟಿಗೆಯ ಬಗ್ಗೆ ಹೇಳಿದರು. ಕೊನೆಗೆ ಉತ್ಸಾಹ ಉಕ್ಕಿ, "ಇನ್ನು ಐದು ವರ್ಷಕ್ಕೆ ಪೆಟ್ಟಿಗೆಯೇ ಇರೋದಿಲ್ಲ. ಆಟ ನೇರವಾಗಿ ತಂತಿಯಲ್ಲಿ ಹರಿದು ನಿಮ್ಮ ಟಿವಿಗೆ ಬರುತ್ತೆ" ಎಂದರು. ಮುಂದಿನ ಸಾಲು ಚಪ್ಪಾಳೆ ತಟ್ಟಿತು. ಹಿಂದೆ ಕುಳಿತ, ಪೆಟ್ಟಿಗೆ ಮಾಡುವುದನ್ನು ಬಿಟ್ಟು ಬೇರೇನೂ ಬಾರದ ಇನ್ನೂರು ಜನರೂ ತಟ್ಟಿದರು. ಪ್ಯಾಕಿಂಗ್ ವಿಭಾಗದ ಹಿರಿಯಳು, ಎಲ್ಲರೂ ಡಬ್ಬಿ ಅಕ್ಕ ಎಂದು ಕರೆಯುವವಳು, ಅರ್ಧ ತಟ್ಟಿ ಕೈ ನಿಲ್ಲಿಸಿದಳು.

"ಪೆಟ್ಟಿಗೇನೇ ಇಲ್ಲ ಅಂದ್ರೆ ನಾವು ಪ್ಯಾಕ್ ಮಾಡೋದು ಏನನ್ನ?" ಎಂದು ಪಕ್ಕದವಳನ್ನು ಕೇಳಿದಳು.

"ಸುಮ್ನಿರಕ್ಕ, ಇನ್ನೂ ತಟ್ತಾ ಇದ್ದಾರೆ" ಎಂದಳು ಪಕ್ಕದವಳು.

ಕಿವಿರಾಯ ವೇದಿಕೆಯ ಪಕ್ಕದಲ್ಲಿ, ದೊಡ್ಡ ಸ್ಪೀಕರಿನ ನೆರಳಲ್ಲಿ ಕುಳಿತಿದ್ದ. ಭಾಷಣವೆಲ್ಲ ಅವನ ಪಾಲಿಗೆ ಅಂಗಾಲಿನಲ್ಲಿ ಒಂದು ಗುಡುಗು. ಮ್ಯಾನೇಜರು ಕೈಮಾಡಿ ಕರೆದಾಗ ಎದ್ದು ಹೋದ. ಮೇಜಿನ ಮೇಲೆ ಪುಸ್ತಕದಷ್ಟು ತೆಳ್ಳಗಿನ ಬೆಳ್ಳಿಬಣ್ಣದ ಪೆಟ್ಟಿಗೆ, ನೀಲಿ ದೀಪ, ಪಕ್ಕದಲ್ಲಿ ಅವನ ಎರಡು ಸುರುಳಿ ಚೀಟಿ. ಹಸಿರನ್ನಷ್ಟೇ ಇಡಬೇಕೆಂದು ಯಾರಿಗೂ ತೋಚಿರಲಿಲ್ಲ. ಕೋಣೆಯಿಂದ ಜೋಡಿಯನ್ನೇ ಎತ್ತಿ ತಂದಿದ್ದರು.

ಕೆನ್ನೆಯಿಟ್ಟ. ಕಣ್ಣು ಮುಚ್ಚಿದ. ನಾಲಿಗೆಯ ತುದಿ ತನ್ನ ಜಾಗಕ್ಕೆ ಬಂತು. ಕ್ಯಾಮೆರಾಗಳು ಮಿನುಗಿದವು.

ಏನೂ ಇಲ್ಲ.

ಹನ್ನೆರಡು ಸೆಕೆಂಡು ಕಳೆಯಿತು. ಬೆಕ್ಕಿಲ್ಲ, ಹೊಲಿಗೆ ಯಂತ್ರವಿಲ್ಲ, ನೊಣವೂ ಇಲ್ಲ. ಕಿವಿ ಹೋಗಿತ್ತು, ಈಗ ಕೆನ್ನೆಯೂ ಹೋಯಿತೇ? ಇನ್ನೊಂದು ಕೆನ್ನೆ ಕೊಟ್ಟು ನೋಡಿದ. ಏನೂ ಇಲ್ಲ. ಸಭೆ ಇದನ್ನು ನಾಟಕವೆಂದು ಮೆಚ್ಚಿ ನಕ್ಕಿತು. ಆಗ ಅವನು ತನ್ನ ಇಪ್ಪತ್ತೆರಡು ವರ್ಷದ ಅನುಭವವನ್ನೆಲ್ಲ ಒಟ್ಟುಗೂಡಿಸಿ ಒಂದು ಕೆಲಸ ಮಾಡಿದ: ಕೆನ್ನೆಯನ್ನು ಪೆಟ್ಟಿಗೆಯಿಂದ ಎತ್ತಿ ಮೈಕಿನ ಕಂಬಕ್ಕೆ ಒತ್ತಿದ. ಕಂಬದಲ್ಲಿ ಸ್ಪೀಕರಿನ ಗುಂಯ್‌ಗುಡುವಿಕೆ ಸ್ಪಷ್ಟವಾಗಿ ಸಿಕ್ಕಿತು. ಕೆನ್ನೆ ನೆಟ್ಟಗಿದೆ. ಕೆನ್ನೆ ನೆಟ್ಟಗಿದ್ದರೆ ಸತ್ತಿರುವುದು ಪೆಟ್ಟಿಗೆ.

ಕಂಪನಿಯ ಮಾನ ಹೋಗುವುದಲ್ಲ ಎಂದು ಅವನಿಗೆ ಅಳುಕಾಗದೆ ಇರಲಿಲ್ಲ. ಆದರೆ ಇಷ್ಟು ಜನರೆದುರು ಹೊಗೆಯಾಡಿ ಮಾನ ಹೋಗುವುದಕ್ಕಿಂತ ಇದು ವಾಸಿ. ಕೆಂಪು ಸುರುಳಿಯಿಂದ ಒಂದು ಚೀಟಿ ಕಿತ್ತು, ಗಾಳಿಗುಳ್ಳೆ ಉಳಿಯದಂತೆ ಹೆಬ್ಬೆರಳಲ್ಲಿ ಉಜ್ಜಿ, ಬೆಳ್ಳಿಬಣ್ಣದ ನಡುಮಧ್ಯಕ್ಕೆ ಹಚ್ಚಿದ. ಮ್ಯಾನೇಜರ ಮೀಸೆ ಇದ್ದಲ್ಲೇ ನಿಂತಿತು. ಅವನು ಅವರ ಕಡೆಗೆ ಬಾಗಿ, ಮರ್ಯಾದೆಯಿಂದ, ಪಿಸುಗುಟ್ಟುತ್ತಿದ್ದೇನೆಂದುಕೊಂಡು ಹೇಳಿದ: "ಇದು ಸತ್ತಿದೆ ಸಾರ್." ತನ್ನ ದನಿ ಎಷ್ಟಿದೆಯೆಂದು ಅವನಿಗೆ ತಿಳಿಯುತ್ತಿರಲಿಲ್ಲ, ಎದುರಿಗೆ ಮೈಕು ಬೇರೆ. ಸಭಾಂಗಣದ ಕೊನೆಯ ಸಾಲಿಗೂ ಅದು ತಲುಪಿತು.

ಮೂರು ದಿನ ಕಾರ್ಖಾನೆಯಲ್ಲಿ ಯಾರ ಕಾಲೂ ನೆಲದ ಮೇಲೆ ನಿಲ್ಲಲಿಲ್ಲ. ಅವನನ್ನು ಮನೆಗೆ ಕಳಿಸಿದ್ದರು, ಆದರೆ ಅವನ ಕೀರ್ತಿ ಕೆಲಸಕ್ಕೆ ಬರುತ್ತಿತ್ತು. ಬೆಕ್ಕಿಗೆ ಗಂಟೆ ಕಟ್ಟಿದ ಇಲಿ ಕೊನೆಗೂ ಸಿಕ್ಕಿತೆಂದು ಊಟದ ಕೋಣೆ ಹೇಳಿತು. ಅಂಗಡಿಯವರು ಬೇಡಿಕೆ ತಡೆಹಿಡಿದರು. ಫ್ಯಾನು ವಾಪಸು ಬರುತ್ತದಂತೆ, ಕಾಗದ ಅಂಟಿಸಿದ ಕಟ್ಟಡವನ್ನು ಮುಚ್ಚುತ್ತಾರಂತೆ ಎಂದು ಸುದ್ದಿ ಹಬ್ಬಿತು. ಡಬ್ಬಿ ಅಕ್ಕ ಎರಡು ವರ್ಷದಿಂದ ಮುಂದೂಡಿದ್ದ ಕನ್ನಡಕವನ್ನು ಕೊಂಡುಕೊಂಡಳು.

ನಾಲ್ಕನೆಯ ದಿನ ಬಸ್ ನಿಲ್ದಾಣದ ಎದುರು ದೊಡ್ಡ ಜಾಹೀರಾತು ಎದ್ದಿತು. ಮೂರಾಳೆತ್ತರದ ಕಿವಿರಾಯ, ಪೆಟ್ಟಿಗೆಯ ಮೇಲೆ ಕೆನ್ನೆ, ಹೊರಚಾಚಿದ ನಾಲಿಗೆಯ ತುದಿ, ಪಕ್ಕದಲ್ಲಿ ಕೆಂಪು ಚೀಟಿ. ಕೆಳಗೆ: "ಎಷ್ಟು ನಿಶ್ಶಬ್ದವೆಂದರೆ, ಇಪ್ಪತ್ತೆರಡು ವರ್ಷ ಆಲಿಸಿದ ಕಿವಿಯೇ ಇದು ಸತ್ತಿದೆ ಎಂದುಕೊಂಡಿತು." ತಡೆಹಿಡಿದಿದ್ದ ಬೇಡಿಕೆ ಹತ್ತರಷ್ಟಾಗಿ ಬಂತು. ಮ್ಯಾನೇಜರ ಗೆರೆ ಹೇಳಿದಂತೆಯೇ ಪರದೆ ದಾಟಿತು. ಹಳೆಯ ಮಾದರಿಯನ್ನು ವರ್ಷದ ಕೊನೆಗೆ ನಿಲ್ಲಿಸಬೇಕೆಂದಿದ್ದವರು ತಿಂಗಳ ಕೊನೆಗೇ ನಿಲ್ಲಿಸಿದರು. ಆಲಿಸುವ ಕೋಣೆಯ ಸ್ಪಂಜು ಕಿತ್ತರು. ಕಿವಿರಾಯನ ಕೈಗೆ ಬಂದ ಕಾಗದದಲ್ಲಿ ಅವನ ಸೇವೆಯ ಬಗ್ಗೆ ನಾಲ್ಕು ಸಾಲು ಹೊಗಳಿಕೆಯಿತ್ತು, ಐದನೆಯ ಸಾಲಿನಲ್ಲಿ ಸೇವೆ ಮುಗಿದಿತ್ತು. ಹೊಸ ಪೆಟ್ಟಿಗೆಗಳನ್ನು ಯಂತ್ರವೇ ಡಬ್ಬಿಗೆ ತುಂಬುವುದರಿಂದ ಪ್ಯಾಕಿಂಗಿನ ನಲವತ್ತು ಜನರಿಗೂ ಅದೇ ಕಾಗದ, ಹೊಗಳಿಕೆ ಎರಡು ಸಾಲು ಕಡಿಮೆ.

ಭಾನುವಾರ ಡಬ್ಬಿ ಅಕ್ಕ ಇಬ್ಬರು ಸಂಗಡಿಗರೊಂದಿಗೆ ಅವನ ಮನೆಗೆ ಬಂದಳು. ಪರದೆಯ ಬಟ್ಟೆಗಳನ್ನು ಸರಿಸಿ ಹೆಂಡತಿ ಕೂರಲು ಜಾಗ ಮಾಡಿದಳು. ಅಕ್ಕ ಹೊಸ ಕನ್ನಡಕದೊಳಗಿಂದ ಅವನ ಮುಖವನ್ನೇ ನೋಡುತ್ತ, ಒಂದೊಂದು ಮಾತನ್ನೂ ಬಿಡಿಸಿ ಹೇಳಿದಳು.

"ನಾಳೆ ನಾವೆಲ್ಲ ಗೇಟಿನ ಮುಂದೆ ನಿಲ್ತೀವಿ. ನಿಂತು ಏನೂ ಆಗಲ್ಲ, ಅದು ನನಗೂ ಗೊತ್ತು. ಆದ್ರೂ ನಿಲ್ಬೇಕಲ್ಲ. ಈಗ ನಮ್ಮಲ್ಲೇ ಎರಡು ಪಾರ್ಟಿ ಆಗಿದೆ. ಅರ್ಧ ಜನ ನೀನು ಮೀಸೆಯ ಮುಖಕ್ಕೆ ಹೊಡೆದ ಹಾಗೆ ಚೀಟಿ ಹಚ್ಚಿದೆ ಅಂತಾರೆ. ಇನ್ನರ್ಧ ಜನ, ಅದೆಲ್ಲ ಮೊದಲೇ ಮಾತಾಡ್ಕೊಂಡಿದ್ದು, ಜಾಹೀರಾತಿಗೇ ಮಾಡಿದ್ದು, ಒಳಗೊಳಗೇ ಏನೋ ತಗೊಂಡಿದ್ದಾನೆ ಅಂತಾರೆ."

"ತಗೊಂಡಿದ್ರೆ ಈ ಕಾಲು ಮುರಿದ ಕುರ್ಚಿ ಯಾಕೆ ಇರ್ತಿತ್ತು ನಮ್ಮನೇಲಿ" ಎಂದಳು ಹೆಂಡತಿ.

"ಅದನ್ನೇ ನಾನೂ ಅವ್ರಿಗೆ ಹೇಳ್ದೆ ತಾಯಿ. ಆದ್ರೆ ಇವನ ಬಾಯಿಂದ ಬರ್ಬೇಕು." ಅಕ್ಕ ಮುಂದಕ್ಕೆ ಬಾಗಿದಳು. "ನೋಡಪ್ಪಾ, ನೀನು ಬೇಕಂತಲೇ ಮಾಡ್ದೆ ಅಂತ ಒಂದು ಮಾತು ಹೇಳು ಸಾಕು. ಕೆಲ್ಸ ವಾಪಸ್ ಬರಲ್ಲ. ನಮ್ಮಲ್ಲೂ ಒಬ್ಬ ತಲೆಯೆತ್ತಿ ನಿಂತಿದ್ದ ಅಂತ ಹೇಳ್ಕೊಂಡು ಮನೆಗೆ ಹೋಗ್ತೀವಿ. ಹೇಳು, ಯಾಕೆ ಹಚ್ಚಿದೆ?"

ಕಿವಿರಾಯ ಹೆಂಡತಿಯ ಕಡೆ ನೋಡಿದ. ಕಾಯಬೇಕಾದ ಮೂರು ವರ್ಷ ಈಗ ಇರಲಿಲ್ಲವಾದ್ದರಿಂದ, ಮುಚ್ಚಿಡಬೇಕಾದದ್ದೂ ಏನೂ ಉಳಿದಿರಲಿಲ್ಲ. ಅವಳು ಕತ್ತರಿಯನ್ನು ಕೆಳಗಿಟ್ಟಳು.

"ಅದಕ್ಕೆ ಫ್ಯಾನಿಲ್ಲ ಅಂತ ಹಿಂದಿನ ದಿನಾನೇ ಹೇಳಿದ್ರಂತೆ ಅಕ್ಕ," ಎಂದ ಅವನು. "ನಂಗೆ ಕಿವಿ ಕೇಳಿಸಲ್ಲ."