ಅಪ್ಪ ಕೆತ್ತಿದ ಕೋವಿ

ಕೇನ್ ಹಳ್ಳದ ದಂಡೆಯ ಲೆಡ್‌ಬೆಟರ್ ಮನೆತನದವರು ಮಾಡುವ ಉದ್ದ ನಳಿಗೆಯ ಕೋವಿಯನ್ನು ಕೆರೊಲೈನಾದ ಆ ಗುಡ್ಡಗಳಲ್ಲಿ ಯಾರು ಬೇಕಾದರೂ ಗುರುತಿಸುತ್ತಿದ್ದರು. ನಳಿಗೆಯ ಬಾಯಿಂದ ಮದ್ದುಗುಂಡು ಗಿಡಿಯುವ ಕೋವಿ ಅದು. ಮೇಪಲ್ ಮರದ ತೆಳು ಮೈ, ಹಿಡಿಯಲ್ಲಿ ಕೊರೆದ ಪುಟ್ಟ ಗೂಡಿಗೆ ಓಕ್ ಕಾಯಿಯ ಆಕಾರದ ಹಿತ್ತಾಳೆ ಮುಚ್ಚಳ. ಆ ಕಸುಬಿನಲ್ಲಿ ಕೊನೆಗೆ ಉಳಿದವಳು ಅರ್ಮಿಂಟಾ.

ಅಪ್ಪ ಎಲ್ಬರ್ಟ್ ವಿಷಮಜ್ವರದಲ್ಲಿ ಹೋದಾಗ ಅವಳಿನ್ನೂ ತೀರಾ ಚಿಕ್ಕವಳು. ಕೆಲಸ ಕಲಿಸಿದ್ದು ಚಿಕ್ಕಪ್ಪ. ಗುರಿಯಿಡುವಾಗ ಕೆನ್ನೆ ಊರುವ ಜಾಗವನ್ನು ನಿಮ್ಮಪ್ಪನ ಹಾಗೆ ಕೆತ್ತುವವರು ಇನ್ನು ಹುಟ್ಟುವುದಿಲ್ಲ ಎಂದು ಅವನು ಹೇಳುತ್ತಲೇ ಇರುತ್ತಿದ್ದ. ಮನೆಯಲ್ಲಿ ಅಪ್ಪನ ಕೋವಿ ಒಂದೂ ಉಳಿದಿರಲಿಲ್ಲ. ತಲೆ ಹಣ್ಣಾಗುವವರೆಗೂ ಅವಳು ಆ ಜಾಗದ ತಿರುವನ್ನು ಅಂದಾಜಿನಲ್ಲೇ ಹುಡುಕುತ್ತ ಕೆತ್ತಿದಳು.

ಎಲೆ ಉದುರುವ ಕಾಲದಲ್ಲೊಮ್ಮೆ ಗುಡ್ಡದಾಚೆಯ ರೈತ ಹೋಬರ್ಟ್ ಟೀಗ್ ಹಿಡಿ ಮುರಿದ ಕೋವಿಯೊಂದನ್ನು ತಂದು ಬೆಂಚಿನ ಮೇಲಿಟ್ಟ. ಮುಚ್ಚಳದ ಓಕ್ ಕಾಯಿ ತುಸು ಎಡಕ್ಕೆ ವಾಲಿತ್ತು. ಎಲ್ಬರ್ಟನ ಹೆಬ್ಬೆರಳು ಸೊಟ್ಟ, ಅವನ ಮುಚ್ಚಳಗಳೆಲ್ಲ ಹಾಗೇ ಎಂದು ಚಿಕ್ಕಪ್ಪ ನಗುತ್ತಿದ್ದುದು ಅವಳಿಗೆ ನೆನಪಾಯಿತು. ಬೇಗ ಆಗುವುದಿಲ್ಲ ಎಂದಷ್ಟೇ ಹೇಳಿ ಹೋಬರ್ಟನನ್ನು ಕಳಿಸಿದಳು.

ರಿಪೇರಿ ಬೇಗನೇ ಮುಗಿಯಿತು. ಆದರೂ ದಿನಾ ಸಂಜೆ ಕೈ ತೊಳೆದು, ಕೋವಿಗೆ ಕೆನ್ನೆ ಆನಿಸಿಕೊಂಡು ಕೂರುತ್ತಿದ್ದಳು. ಅಪ್ಪನ ಮುಖ ಅವಳಿಗೆ ನೆನಪಿರಲಿಲ್ಲ. ಅವನ ಅಂಗೈ ಸವರಿ ಸವರಿ ನಯವಾಗಿಸಿದ ಮರ ಮಾತ್ರ ತಾಕುತ್ತಿತ್ತು. ಹೋಬರ್ಟ್ ಬಂದಾಗ ಅಂಟು ಒಣಗಿಲ್ಲವೆಂದಳು. ಮತ್ತೆ ಬಂದಾಗ ಎಣ್ಣೆ ಹಿಡಿದಿಲ್ಲವೆಂದಳು.

ಮೂರನೇ ಸಲ ಅವನು ಕೇಳಿಯೇಬಿಟ್ಟ. “ಏನಕ್ಕಾ, ಕೋವಿ ರಿಪೇರಿ ಮಾಡ್ತಿದೀಯೋ, ಸಾಕ್ಕೊಂಡಿದೀಯೋ?”

“ಇದು ನಮ್ಮಪ್ಪ ಮಾಡಿದ್ದು ಕಣೋ. ನಿಂಗೆ ಹೊಸದೊಂದು ಮಾಡ್ಕೊಡ್ತೀನಿ, ಇದನ್ನ ಬಿಟ್ಟೋಗು.”

ಹೋಬರ್ಟ್ ಟೋಪಿ ತೆಗೆದು ಕೈಯಲ್ಲಿ ತಿರುಗಿಸುತ್ತ ನಿಂತ. “ನಮ್ಮಜ್ಜ ಸಾಯೋವಾಗ ನನ್ ಕೈಗೆ ಕೊಟ್ಟಿದ್ದು. ಬಿಟ್ಟುಕೊಡಕ್ಕಾಗಲ್ಲ ಅಕ್ಕಾ. ಆದ್ರೆ ವರ್ಷಾ ವರ್ಷಾ ಎಲೆ ಉದುರೋ ಹೊತ್ತಿಗೆ ತಂದ್ಕೊಡ್ತೀನಿ. ಚಳಿ ಮುಗಿಯೋವರ್ಗೂ ಇಟ್ಕೋ.”

“ಬೇಟೆಗೇನ್ ಮಾಡ್ತೀಯ?”

“ನೀನ್ ಮಾಡಿರೋದೊಂದು ಎರವಲು ಕೊಡು.”

ಹೀಗೆ ಹಲವು ಚಳಿಗಾಲ ನಡೆಯಿತು. ವಸಂತದಲ್ಲಿ ಅವನು ಬಂದು ಕೋವಿ ಬದಲಾಯಿಸಿಕೊಂಡು ಹೋಗುವ ದಿನ ಅರ್ಮಿಂಟಾ ಮೆಕ್ಕೆಜೋಳದ ರೊಟ್ಟಿ, ಬೀನ್ಸ್ ಕಾಳು ಬೇಯಿಸಿ ಬಡಿಸುತ್ತಿದ್ದಳು. ಅವಳ ಕೆತ್ತನೆಯ ತಿರುವು ಅಪ್ಪನದಕ್ಕೆ ಹತ್ತಿರ ಬಂತು. ಹತ್ತಿರ ಅಷ್ಟೇ.

ಒಂದು ವರ್ಷ ಎಲೆಯೆಲ್ಲ ಉದುರಿ ಹಿಮ ಬಿದ್ದರೂ ಹೋಬರ್ಟ್ ಬರಲಿಲ್ಲ. ಬೇಸಿಗೆಯಲ್ಲೇ ಅವನು ತೀರಿಕೊಂಡನೆಂದೂ, ಹೆಂಡತಿ ಆ ಕೋವಿಯೂ ಸೇರಿ ಮನೆಸಾಮಾನೆಲ್ಲ ಕಟ್ಟಿಕೊಂಡು ಜಾರ್ಜಿಯಾದ ತವರಿಗೆ ಹೊರಟುಹೋದಳೆಂದೂ ಆಮೇಲೆ ತಿಳಿಯಿತು. ಆವತ್ತೇ ಇಟ್ಟುಕೊಂಡುಬಿಡಬೇಕಿತ್ತು ಎಂದು ನೆರೆಯವಳು ಮರುಗಿದಳು.

“ಅವನಜ್ಜಂದಲ್ವಾ,” ಎಂದಳು ಅರ್ಮಿಂಟಾ, ಒಲೆಗೆ ಸೌದೆ ಒಟ್ಟುತ್ತ.

ಆ ಚಳಿಗಾಲದ ಸಂಜೆಗಳು ಅವಳಿಗೆ ತುಂಬ ಉದ್ದವೆನಿಸಿದವು.