ದೊರೆಸಾನಿಯ ತೋಟದಲ್ಲಿ ನಾನು ಹೇಳಿದ ಸುಳ್ಳು

ಆ ಬಾವಿಗೆ ಯಾರೂ ಬಿದ್ದು ಸತ್ತಿಲ್ಲ. ಆ ಕತೆ ಕಟ್ಟಿದವನು ನಾನೇ. ಏಳು ವರ್ಷದಿಂದ ಇದನ್ನು ಯಾರ ಹತ್ತಿರವೂ ಬಾಯಿಬಿಟ್ಟಿಲ್ಲ. ಹೇಳಬೇಕಾದದ್ದು ಅಂದು ನನ್ನ ಕಾರಿನಲ್ಲಿ ಬಂದಿದ್ದ ನಿಮಗೆ, ಅಮ್ಮ — ಆದರೆ ನೀವೀಗ ಎಲ್ಲಿದ್ದೀರೋ...

ನಾನು ಹಿಂದೂಪುರದಲ್ಲಿ ಬಾಡಿಗೆ ಕಾರು ಓಡಿಸುವವನು. ಕಲ್ಯಾಣದುರ್ಗದ ಕಡೆ ಹೊರಟವರಿಗೆ ದಾರಿಯಲ್ಲಿ ಹಳೆಯ ಜಮೀನ್ದಾರ ದೊರೆಗಳ ಬಂಗ್ಲೆ ತೋರಿಸಿಕೊಂಡು ಹೋಗುವುದು ನನ್ನ ರೂಢಿ. ಎಷ್ಟು ಸಲ ನೋಡಿದರೂ ಆ ಮನೆ ನನಗೆ ಸಾಕೆನಿಸಿಲ್ಲ. ತಬ್ಬಿದರೆ ಎರಡು ಕೈ ಕೂಡದಂಥ ತೇಗದ ಕಂಬಗಳು, ಮುಟ್ಟಿದರೆ ತಣ್ಣಗೆ ಜಾರುವ ಗಾರೆ ಗೋಡೆಗಳು, ಮಧ್ಯಾಹ್ನ ಬಣ್ಣದ ಗಾಜಿನಿಂದ ನೆಲಕ್ಕಿಳಿಯುವ ಹಸಿರು, ಕೆಂಪು ಬೆಳಕು. ಹಿಂದುಗಡೆ ತೋಟ — ಸುತ್ತಲೂ ಬರೀ ಕಲ್ಲುಗುಡ್ಡ, ಕಡ್ಲೆಕಾಯಿ ಹೊಲ; ಇಲ್ಲಿ ಮಾತ್ರ ಸಂಪಿಗೆ, ಪಾರಿಜಾತ, ಮಾವು.

ಇಷ್ಟು ಚಂದ ಸಾಲದು ಎಂದು ನನಗೇಕೆ ಅನ್ನಿಸಿತೋ. ಒಮ್ಮೆ, ಬಂದವರು ಬೇಸರದಿಂದ ಫೋನು ನೋಡುತ್ತ ನಿಂತಿದ್ದಾಗ, ತೋಟದ ಬಾವಿ ತೋರಿಸಿ, ದೊರೆಸಾನಿ ಗಂಡನ ಕಾಟ ತಾಳಲಾರದೆ ಇದಕ್ಕೇ ಬಿದ್ದಳು ಅಂದುಬಿಟ್ಟೆ. ಎಲ್ಲರೂ ತಲೆಯೆತ್ತಿದರು. ಆಮೇಲೆ ನಾನು ಅದನ್ನು ಬಿಡಲಿಲ್ಲ.

ನೀವು ಮಗಳೊಂದಿಗೆ ನನ್ನ ಕಾರಿನಲ್ಲಿ ಬಂದ ದಿನವೂ ಅದನ್ನೇ ಹೇಳಿದೆ. ನೀವು ಬಾವಿಕಟ್ಟೆ ಹಿಡಿದು ಒಳಗೆ ಬಗ್ಗಿ ನೋಡಿದಿರಿ. ಆಮೇಲೆ ಕೇಳಿದಿರಿ:

“ಯಾರು ಹೇಳಿದ್ದಪ್ಪ ನಿಂಗೆ?”

“ಊರ ಹಿರೇರು ಹೇಳ್ತಾರೆ ಕಣಮ್ಮ. ಎಲ್ರಿಗೂ ಗೊತ್ತಿರೋದೇ.”

“ಆಕೆ ನಮ್ಮಜ್ಜಿ.”

ನಿಮ್ಮ ಮಗಳು “ಅಮ್ಮಾ, ನಿಜಮೇನಾ?” ಎಂದು ತೆಲುಗಿನಲ್ಲಿ ಕೇಳಿದಳು. ನೀವು ಬಾವಿಯನ್ನೇ ನೋಡುತ್ತಿದ್ದಿರಿ. “ಜ್ವರ ಬಂದು ಹೋದ್ರು ಅಂತ ನಮ್ಗೆ ಹೇಳಿದ್ರು. ನಂಗಾಗ ಆರು ವರ್ಷ. ಮುಚ್ಚಿಟ್ಬುಟ್ರೇನೋ.”

ಆಗಲೇ ಹೇಳಬೇಕಿತ್ತು — ಸುಳ್ಳು ಕಣಮ್ಮ, ನಾನು ಕಟ್ಟಿದ್ದು — ಮಾತು ನಾಲಿಗೆಯ ತುದಿಗೂ ಬಂದಿತ್ತು. ಮಗಳ ಮುಂದೆ ನೀವು ನನ್ನನ್ನು ಏನೆಂದುಕೊಳ್ಳುತ್ತೀರೋ ಎಂದು ನುಂಗಿಕೊಂಡೆ.

ಆದರೂ ನೀವು ಮನೆಯವರಿಂದ ಕೇಳಿದ್ದನ್ನು ಹೇಳುತ್ತ ಮಗಳಿಗೆ ತೋಟವೆಲ್ಲ ತೋರಿಸಿದಿರಿ; ನಾನು ಹಿಂದೆಯೇ ಬಂದೆ. ಬಚ್ಚಲ ನೀರು, ಪಾತ್ರೆ ತೊಳೆದ ನೀರು ಪೋಲಾಗದೆ ಗಿಡಗಳ ಬುಡಕ್ಕೆ ಹೋಗಲೆಂದು ಅಜ್ಜಿ ಎದುರಿಗೆ ನಿಂತು ಹಾಕಿಸಿದ ಕಲ್ಲಿನ ಕಾಲುವೆ. ಕುಂದುರ್ಪಿ ಕಡೆಯಿಂದ ಎತ್ತಿನ ಗಾಡಿಯಲ್ಲಿ ತರಿಸಿದ ಕೆಂಪುಮಣ್ಣು. ಆಕೆ ತನ್ನ ಹಳೇ ಸೀರೆ ಕಟ್ಟಿ ಬಿಸಿಲು ಮರೆಮಾಡಿ ಉಳಿಸಿಕೊಂಡ ಸಂಪಿಗೆ ಸಸಿ, ಈಗ ಬಂಗ್ಲೆಗಿಂತ ಎತ್ತರದ ಮರ. ಅಷ್ಟು ವರ್ಷ ಓಡಾಡಿದ ತೋಟವನ್ನು ನಾನು ಕಣ್ಣುಬಿಟ್ಟು ನೋಡಿದ್ದು ಅಂದೇ. ಇಂಥ ನೆಲದಲ್ಲಿ ಇಷ್ಟನ್ನು ಬೆಳೆಸಿದ ಹೆಂಗಸು — ಅವಳ ಬಾಳಿನಲ್ಲಿ ನಾನು ಕಂಡದ್ದು ಒಂದು ಬಾವಿ ಮಾತ್ರ.

ಸಂಪಿಗೆ ಮರದ ಕೆಳಗೆ ನೀವು ಮಗಳಿಗೆ ಹೇಳಿದಿರಿ: “ಅಜ್ಜಿ ಗಿಡ ನೆಡೋವಾಗ ತಾತ ಪಕ್ಕದಾಗೆ ಕೊಡೆ ಹಿಡ್ಕಂಡು ನಿಂತಿರ್ತಿದ್ರು. ನಂಗೆ ನೆನಪಿರೋದು ಅದೊಂದೇ. ಚೆನ್ನಾಗಿದ್ರು ಅನ್ಕಂಡಿದ್ದೆ.”

ನಾನು ಕಾರು ತಿರುಗಿಸಲು ಹೋದೆ.

ನಿಮ್ಮನ್ನು ಕಲ್ಯಾಣದುರ್ಗಕ್ಕೆ ತಲುಪಿಸಿದೆ. ಇಳಿಯುವಾಗ ನೀವು ನನಗೆ ಕೈಮುಗಿದಿರಿ. “ನೀನಾದ್ರೂ ನಿಜ ಹೇಳ್ದೆಯಲ್ಲಪ್ಪ,” ಅಂದಿರಿ.

ಅಂದಿನಿಂದ ಆ ಕತೆ ಹೇಳುವುದನ್ನು ನಿಲ್ಲಿಸಿದೆ. ಆದರೆ ಅದು ನಿಲ್ಲಲಿಲ್ಲ. ಬೇರೆ ಡ್ರೈವರುಗಳು ಹೇಳುತ್ತಾರೆ. ಸುಳ್ಳು ಅಂದರೆ, “ನೀನೇ ಹೇಳ್ತಿದ್ದಲ್ಲ ಕಣ್ಲಾ,” ಎಂದು ನಗುತ್ತಾರೆ. ನಾನು ಈಗ ಬಂದವರನ್ನು ಮೊದಲು ಕಾಲುವೆಯ ಹತ್ತಿರ ಕರೆದುಕೊಂಡು ಹೋಗಿ, ಈ ತೋಟ ಮಾಡಿದ ಹೆಂಗಸಿನ ವಿಷಯ ನೀವು ಹೇಳಿದಷ್ಟನ್ನೇ ಹೇಳುತ್ತೇನೆ. ಕೇಳುವವರು ಕೇಳುತ್ತಾರೆ. ಕೆಲವರು ಆಕೆಯ ಹೆಸರೇನು ಎನ್ನುತ್ತಾರೆ. ನನಗೆ ಗೊತ್ತಿಲ್ಲ, ಅಮ್ಮ. ಅಷ್ಟು ವರ್ಷ ಆಕೆಯನ್ನು ಸಾಯಿಸುತ್ತಾ ಬಂದವನು, ಹೆಸರನ್ನು ಒಮ್ಮೆಯೂ ಕೇಳಿರಲಿಲ್ಲ.